ಅಟ್ಟಕ್ಕೆ ಹೋಗುವ ದಾರಿ

ನಮ್ಮ ಸೀನಿಯರ್ ಕಂಪ್ಯೂಟರಿನಲ್ಲಿ ಒಂದು ಫೈಲಿದೆ. ಅದರ ಹೆಸರು ‘ತಂಗಿ’. ತಿಪಟೂರಿನಲ್ಲಿ ಅವರ ಆಫೀಸಿಗೆ ಜೂನಿಯರ್ ವಕೀಲೆಯಾಗಿ ಸೇರಿದ ಮೊದಲ ವಾರದಲ್ಲೇ ಅದನ್ನು ತೆರೆದು ನೋಡಿದ್ದೆ. ಹಕ್ಕು ಬಿಡುಗಡೆ ಪತ್ರದ ನಮೂನೆ ಅದು. ‘ನನ್ನ ಮದುವೆಯನ್ನು ಅದ್ದೂರಿಯಾಗಿ ಮಾಡಿ, ಒಡವೆ ವಸ್ತ್ರ ಕೊಟ್ಟು ಕಳಿಸಿರುವುದರಿಂದ, ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಪಿತ್ರಾರ್ಜಿತ ಆಸ್ತಿಯಲ್ಲಿ ನನಗಿರುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.’ ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಇರಬೇಕಾದ ಜಾಗಗಳು ಖಾಲಿ. ಪ್ರೀತಿ ವಿಶ್ವಾಸ ಮಾತ್ರ ಮೊದಲೇ ಟೈಪಾಗಿತ್ತು.

ಗೌರಿ ಹಬ್ಬದ ಆಸುಪಾಸಿನಲ್ಲಿ ಆ ಫೈಲಿಗೆ ಬಿಡುವಿರುವುದಿಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಕಾಲ. ಅಣ್ಣ ಇವತ್ತು ಬಾಗಿನ ಕೊಡುತ್ತಾನೆ, ಗಣೇಶನ ಹಬ್ಬ ಕಳೆಯುತ್ತಲೇ ಆಟೋದಲ್ಲಿ ಕೂರಿಸಿಕೊಂಡು ನಮ್ಮ ಆಫೀಸಿಗೆ ಕರೆತರುತ್ತಾನೆ. ತಂಗಿ ಹಬ್ಬದ ಹೊಸ ಸೀರೆಯಲ್ಲೇ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಹೆಬ್ಬೆಟ್ಟಿನ ಮಸಿ ಸೀರೆಗೆ ತಾಗೀತೆಂದು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹೊರಗೆ ಹೋಗುತ್ತಾಳೆ.

“ಮೊದ್ಲು ಹೆಣ್ಮಕ್ಕಳನ್ನ ಯಾರೂ ಇಲ್ಲಿಗೆ ಕರ್ಕೊಂಡೇ ಬತ್ತಿರಲಿಲ್ಲ ಕಣಮ್ಮ,” ಎಂದು ಸೀನಿಯರ್ ಹೇಳಿದ್ದರು. ನಲವತ್ತು ವರ್ಷ ವಕೀಲಿಕೆ ಮಾಡಿದವರು. “ಗಂಡುಮಕ್ಕಳು ಬರೋರು, ಪಾಲು ಮಾಡ್ಕಂಡು ಹೋಗೋರು. ಹುಟ್ಟಿನಿಂದಲೇ ಸಮಪಾಲು ಅಂತ ಕಾನೂನು ಬಂದ್ಮೇಲೆ ಅವರ ಸೈನಿಗೂ ಬೆಲೆ ಬಂತು.”

“ಅಂದ್ರೆ ಹಕ್ಕು ಬಂದದ್ದು ಹೆಂಗಸರಿಗೆ, ಕೆಲಸ ಬಂದದ್ದು ನಮಗೆ.”

“ಆರ್ಗ್ಯುಮೆಂಟ್ ಚೆನ್ನಾಗೈತೆ. ಫೈಲ್ ತೆಗಿ, ಹೊರಗೆ ಇಬ್ರು ಕಾಯ್ತಾವ್ರೆ.”

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿ ಎತ್ತಿದ ಮೂರು ನಿಮಿಷದಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಮನೆಯ ಶೋಕೇಸಿನಲ್ಲಿ ದೇವರ ಫೋಟೋಗಳಿಗಿಂತ ನನ್ನ ಫಲಕಗಳೇ ಹೆಚ್ಚು. ಆ ತಾಲೀಮಿನಿಂದ ಒಂದು ಚಾಳಿ ಅಂಟಿಕೊಂಡಿದೆ. ಯಾರು ಏನೇ ಹೇಳಲಿ, ಅದರ ಎದುರು ಮಾತು ಕೇಳುವ ತನಕ ನಂಬಿಕೆ ಹುಟ್ಟುವುದಿಲ್ಲ. ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಸಾಲನ್ನು ಟೈಪು ಮಾಡುವಾಗೆಲ್ಲ ಬೆಂಚಿನ ಮೇಲಿದ್ದವಳ ಮುಖ ನೋಡುತ್ತಿದ್ದೆ. ಮುಖದಲ್ಲಿ ಪರವೂ ಇರುತ್ತಿರಲಿಲ್ಲ, ವಿರೋಧವೂ ಇರುತ್ತಿರಲಿಲ್ಲ. ಟೈಪು ಮಾತ್ರ ಮಾಡುತ್ತಿದ್ದೆ.

ಆ ವರ್ಷ ಹಬ್ಬಕ್ಕೆ ಇನ್ನು ಮೂರು ವಾರವಿತ್ತು. ಆಫೀಸಿಗೆ ಬಂದು ಬೆಂಚಿನ ಮೇಲೆ ಕೂತವರು ನಮ್ಮಪ್ಪ.

ನಮ್ಮ ತೆಂಗಿನ ತೋಟ, ಹಂಚಿನ ಮನೆ ಎರಡೂ ಹಾಲ್ಕುರಿಕೆ ಕಡೆ. ತಾತ ಹೋಗಿ ಎರಡು ವರ್ಷವಾಗಿತ್ತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ತಾತನಿಗೆ ಇಬ್ಬರೇ ಮಕ್ಕಳು, ಅಪ್ಪ ಮತ್ತು ಹುಳಿಯಾರಿಗೆ ಕೊಟ್ಟ ಅತ್ತೆ. ಖಾತೆ ಬದಲಾಯಿಸಲು ಹೋದಾಗ ತಂಗಿಯ ಒಪ್ಪಿಗೆ ಬೇಕು ಎಂದಿದ್ದರಂತೆ.

“ನಿಮ್ಮತ್ತೆ ಹಬ್ಬಕ್ಕೆ ಬತ್ತಾಳಲ್ಲ, ಅಷ್ಟ್ರೊಳಗೆ ಒಂದು ಪತ್ರ ಟೈಪ್ ಮಾಡಿಡಮ್ಮ,” ಎಂದರು ಅಪ್ಪ.

“ಅತ್ತೇನ ಕೇಳಿದ್ಯಾ?”

“ಏನ್ ಕೇಳಾದು? ಬಾರಮ್ಮ ಅಂದ್ರೆ ಬತ್ತಾಳೆ.”

“ಬರೋದಲ್ಲಪ್ಪ. ಬಿಟ್ಟುಕೊಡೋದು.”

“ಅವ್ಳೇನು ಬೇಕು ಅಂದಿಲ್ವಲ್ಲ.”

“ಬೇಡ ಅಂತಾನೂ ಅಂದಿಲ್ವಲ್ಲ.”

ಅಪ್ಪ ನನ್ನನ್ನು ಬಿಟ್ಟು ಸೀನಿಯರ್ ಕಡೆ ತಿರುಗಿದರು. “ಇವ್ಳನ್ನ ಆ ಚರ್ಚಾಸ್ಪರ್ಧೆಗೆ ಕಳಿಸಿದ್ದೇ ತಪ್ಪಾಯ್ತು ಸಾರ್.”

“ನಮಗೆ ಅನುಕೂಲ ಆಯ್ತು ಬಿಡಿ,” ಎಂದರು ಸೀನಿಯರ್.

ಅಪ್ಪ ಹೋದ ಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: “ನೀನು ಒಬ್ಳೇ ಮಗಳು. ನಿಮ್ಮತ್ತೆ ಬಿಟ್ಟುಕೊಟ್ಟಿದ್ದು ನಾಳೆ ಯಾರಿಗೆ ಬತ್ತೈತೆ?”

ನನಗೆ. ಅದನ್ನು ನಾನು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದೆ, ಯೋಚಿಸಿ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಸ್ವಂತ ಲಾಭದ ವಿರುದ್ಧ ವಾದ ಮಾಡುವವಳ ಮಾತಿಗೆ ತೂಕ ಹೆಚ್ಚು. ಯಾವ ತೀರ್ಪುಗಾರರೂ ಅದಕ್ಕೆ ಅಂಕ ಕೊಡುತ್ತಾರೆ.

ಭಾನುವಾರ ಹುಳಿಯಾರಿಗೆ ಹೊರಟೆ. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ತೋಟಗಳು ವಿರಳವಾಗುತ್ತಾ ಹೋಗುತ್ತವೆ, ರಾಗಿ ಹೊಲದ ಬದುವಿನಲ್ಲಿ ಕುರಿಗಳು ಸಿಗುತ್ತವೆ. ದಾರಿಯುದ್ದಕ್ಕೂ ನೋಟ್‌ಬುಕ್ಕಿನಲ್ಲಿ ಪಾಯಿಂಟ್ ಬರೆದುಕೊಂಡೆ. ಅತ್ತೆಯ ಮನೆ ಮಾವನ ಹಾರ್ಡ್‌ವೇರ್ ಅಂಗಡಿಯ ಮೇಲಿದೆ. ಹಂಚಿನ ಮನೆ ಕೆಡವಿ ಕಾಂಕ್ರೀಟಿನ ಮೋಲ್ಡ್ ಹಾಕಿಸಿ ನಾಲ್ಕು ವರ್ಷವಾಗಿತ್ತು. ನುಣ್ಣನೆಯ ಸೂರು, ಅದರಲ್ಲಿ ಬಿಳಿ ಹೂವಿನ ಚಿತ್ತಾರ. ಅತ್ತೆ ನೆಲದ ಮೇಲೆ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದಳು.

“ಕಾನೂನಿನ ಪ್ರಕಾರ ಅಪ್ಪನಷ್ಟೇ ಹಕ್ಕು ನಿನಗೂ ಇದೆ ಅತ್ತೆ.”

“ಗೊತ್ತು ಕಣೇ. ಟಿವಿ ಇಲ್ವಾ ನಮ್ಮನೇಲಿ?”

“ಮತ್ತೆ ಯಾಕೆ ಸೈನ್ ಹಾಕ್ತೀಯ?”

“ಹಾಕ್ತೀನಿ ಅಂತ ಯಾರಂದ್ರು?”

“ಹಾಗಾದ್ರೆ ಹಾಕಲ್ವಾ?”

“ಹಾಕಲ್ಲ ಅಂತ ಯಾರಂದ್ರು?” ಮೊರದಿಂದ ಒಂದು ಕಲ್ಲು ಆರಿಸಿ ಬದಿಗಿಟ್ಟಳು. “ಕಾನೂನು ಪಾಲು ಕೊಡ್ತೈತೆ, ಸರಿ. ಹಬ್ಬಕ್ಕೆ ಕರೀತೈತಾ?”

ಈ ಪಾಯಿಂಟ್ ಬರುತ್ತದೆಂದು ಗೊತ್ತಿತ್ತು. ಸೈನು ಹಾಕಿದರೆ ಮಾತ್ರ ಉಳಿಯುವ ಪ್ರೀತಿ ಪ್ರೀತಿಯೇ ಅಲ್ಲ ಎಂದೆ. ಹಕ್ಕು ಬೇರೆ ಸಂಬಂಧ ಬೇರೆ ಎಂದೆ. ಬೇರೆ ಮನೆಗಳ ಉದಾಹರಣೆ ಕೊಟ್ಟೆ. ಅತ್ತೆ ಒಂದೇ ಉದಾಹರಣೆ ಕೊಟ್ಟಳು.

“ನಮ್ಮ ವಾರಗಿತ್ತಿ ತುರುವೇಕೆರೆ ಕಡೇರು. ಅಣ್ತಮ್ಮಂದಿರ ಮೇಲೆ ಕೇಸು ಹಾಕಿದ್ಲು, ಗೆದ್ದೂ ಗೆದ್ಲು. ಈಗ ಆ ಊರ ಮೇಲೆ ಬಸ್ಸು ಹೋದ್ರೆ ಸೆರಗು ಮುಖಕ್ಕೆ ಹಾಕ್ಕಂಡು ನಿದ್ದೆ ಬಂದಂಗೆ ಮಾಡ್ತಾಳೆ. ಪಕ್ಕದಲ್ಲಿ ಕೂತಿದ್ದೀನಿ ನಾನು, ನೋಡಿದ್ದೀನಿ.”

“ಅದು ಅವರ ಅಣ್ಣಂದಿರ ತಪ್ಪು.”

“ಹೌದು. ತಪ್ಪು ಅವರದು, ಸೆರಗು ಇವಳದು.” ಮತ್ತೆ ಹುರುಳಿಗೆ ಕೈಹಾಕಿದಳು. “ನೀನು ಹೇಳಾದೆಲ್ಲ ಸರಿ ಕಣೇ. ಸರಿ ಇರಾದೆಲ್ಲ ನನ್ ಕೈಲಿ ಆಗ್ಬೇಕಲ್ಲ.”

ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಒಂದೂವರೆ ಪುಟ ಉಳಿದಿತ್ತು. ಮುಚ್ಚಿಟ್ಟೆ.

ಬಸ್‌ಸ್ಟಾಂಡಿಗೆ ಬಿಡಲು ಅವಳೇ ಬಂದಳು. ತಿಪಟೂರು ಬಸ್ಸು ಬರುವುದು ಕಾಣಿಸಿದ ಮೇಲೆ ಮಾತು ತೆಗೆದಳು. “ಮೇಲಿನ ತೋಟ ಐತಲ್ಲ, ಆ ಸಸಿಗಳಿಗೆ ಎರಡು ಬೇಸಿಗೆ ನಾನು ಬಿಂದಿಗೇಲಿ ನೀರು ಹೊತ್ತಿದ್ದೀನಿ. ಆಗಿನ್ನೂ ಬೋರ್ ಇರಲಿಲ್ಲ. ಅದು ನಂದು ಅಂತ ಪಹಣೀಲಿ ನೋಡ್ಬೇಕು ಅಂತ ಒಂದಾಸೆ. ಅಣ್ಣನ್ನ ಕೇಳಾಕೆ ಬಾಯಿ ಬರಲ್ಲ.”

“ನಾನು ಕೇಳ್ತೀನಿ.”

“ನೀನು ಕೇಳಬ್ಯಾಡ. ನೀನು ಕೇಳಿದ್ರೆ ಜಗಳ ಆಯ್ತೈತೆ. ಹೇಳು, ಅಷ್ಟೇ.”

ಅರ್ಧ ಕೇಳುವ ಹಕ್ಕಿದ್ದವಳು ಒಟ್ಟು ಆಸ್ತಿಯ ಮೂರನೇ ಒಂದು ಭಾಗವೂ ಆಗದ ಮೇಲಿನ ತೋಟ ಸಾಕೆನ್ನುತ್ತಿದ್ದಳು. ಬಸ್ಸು ಹತ್ತುವ ಮೆಟ್ಟಿಲಿನಲ್ಲೂ ಅದನ್ನು ವಾದಿಸಲು ನೋಡಿದೆ. ಕಂಡಕ್ಟರು ಒಳಗೆ ಹೋಗಮ್ಮ ಎಂದರು.

ಸಂಜೆ ಮನೆಗೆ ಬಂದಾಗ ಅಪ್ಪ ಹಿತ್ತಲಲ್ಲಿ ಕೂತು ಕೊಬ್ಬರಿ ಒಡೆಯುತ್ತಿದ್ದರು. ಮಚ್ಚಿನ ಏಟಿಗೆ ಚಿಪ್ಪು ಎರಡಾಗಿ, ಒಳಗಿನ ಉಂಡೆ ಕೊಬ್ಬರಿ ಇಡಿಯಾಗಿ ಉರುಳಿ ಬರುವ ಕೆಲಸ. ಕೈ ಸ್ವಲ್ಪ ಜೋರಾದರೂ ಉಂಡೆ ಸೀಳುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಮಚ್ಚು ಕೆಳಗಿಡುವವರೆಗೆ ಕಾದೆ. ಆಮೇಲೆ ಅತ್ತೆ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ನನ್ನದೇನೂ ಸೇರಿಸಲಿಲ್ಲ.

“ಬಿಂದಿಗೆ ಅಂದ್ಲಾ?” ಎಂದರು.

“ಹೂಂ.”

“ಎರಡು ಬಿಂದಿಗೆ ಹೊರ್ತಿದ್ಲು. ತಲೆ ಮೇಲೊಂದು, ಸೊಂಟದಾಗೊಂದು.” ಒಂದು ಚಿಪ್ಪು ಎತ್ತಿ ನೋಡಿ ಗುಡ್ಡೆಗೆ ಎಸೆದರು. “ನಾನಾಗ ಸೈಕಲ್ ಕಲೀತಿದ್ದೆ.”

ಎದ್ದು ಕೈ ತೊಳೆದುಕೊಂಡು ಬಂದರು. ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

“ವಿಭಾಗ ಪತ್ರ ಅಂದ್ರೆ ಬೇರೆ ಫೈಲಾ?”

“ಬೇರೆ ಫೈಲು.”

“ಹಂಗಾದ್ರೆ ಅದನ್ನೇ ತೆಗಿ.”

ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಮೋಸವಾದಂತೆ ಅನಿಸಿತು. ಅಪ್ಪನಿಗಾಗಿ ಹುಳಿಯಾರಿನಿಂದ ತಿಪಟೂರಿನವರೆಗೆ ವಾದ ಹೊಸೆದುಕೊಂಡು ಬಂದಿದ್ದೆ. ಸಂವಿಧಾನ ಇತ್ತು, ತಾತನ ನ್ಯಾಯಬುದ್ಧಿ ಇತ್ತು, ಕೊನೆಗೆ ಬಿಡಲೆಂದು ಇಟ್ಟುಕೊಂಡಿದ್ದ ‘ನನಗೂ ಒಬ್ಬ ಅಣ್ಣ ಇದ್ದಿದ್ರೆ ಹೀಗೇ ಮಾಡ್ತಿದ್ಯಾ’ ಎಂಬ ಬಾಣ ಇತ್ತು. ಯಾವುದೂ ಬೇಕಾಗಲಿಲ್ಲ. ಒಂದು ಬಿಂದಿಗೆ ಸಾಕಾಯಿತು.

ಆ ಸೇಡನ್ನು ಪತ್ರದ ಮೇಲೆ ತೀರಿಸಿಕೊಂಡೆ. ಅಂಥ ಕರಡನ್ನು ನಮ್ಮ ಆಫೀಸು ಕಂಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲಿನ ತೋಟಕ್ಕೆ ನಾಲ್ಕು ದಿಕ್ಕಿನ ಚೆಕ್ಕುಬಂದಿ, ಮರಗಳ ಲೆಕ್ಕ, ಬೋರಿನ ನೀರು ವಾರಕ್ಕೆ ಎರಡು ದಿನ ಅತ್ತೆಗೆ, ಟ್ರಾಕ್ಟರ್ ಹೋಗಲು ಕೆಳಗಿನ ತೋಟದ ಬದಿಯಲ್ಲಿ ದಾರಿ. ಬದುವಿನ ಹುಣಸೆಮರ ಯಾರದು ಎಂಬುದನ್ನೂ ಬಿಡಲಿಲ್ಲ. ಪ್ರತಿಯಾಗಿ ಕೆಳಗಿನ ತೋಟದಲ್ಲೂ ಊರಿನ ಮನೆಯಲ್ಲೂ ಅತ್ತೆ ತನ್ನ ಹಕ್ಕು ಪೂರ್ತಿ ಬಿಡುತ್ತಾಳೆ. ತೋಟ ಅವಳಿಗೆ, ಮನೆ ನಮಗೆ. ಒಬ್ಬರ ಗೆರೆ ಒಬ್ಬರು ದಾಟುವಂತಿಲ್ಲ, ನಾಳೆ ತಕರಾರಿಗೆ ಜಾಗವಿಲ್ಲ. ಕರಡನ್ನು ಮೂರು ಸಲ ಓದಿದೆ. ಸೀನಿಯರ್ ಒಂದು ಸಲ ಓದಿ, ಹುಣಸೆಮರದ ಹತ್ತಿರ ನಕ್ಕು, ಸರಿಯಿದೆ ಎಂದರು.

ಗಣೇಶನ ಹಬ್ಬದ ಮಾರನೆಯ ದಿನ ಅಪ್ಪ ಅತ್ತೆಯನ್ನು ಆಫೀಸಿಗೆ ಕರೆತಂದರು. ಎಲ್ಲ ತಂಗಿಯರಂತೆ ಹಬ್ಬದ ಹೊಸ ಸೀರೆಯಲ್ಲೇ ಬಂದು ಬೆಂಚಿನ ತುದಿಯಲ್ಲಿ ಕೂತಳು. ಅಲ್ಲಿಂದ ಎಬ್ಬಿಸಿ ಮೇಜಿನ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಸೀನಿಯರ್ ಪತ್ರವನ್ನು ಮೊದಲಿನಿಂದ ಓದಿದರು. ಅತ್ತೆ ಕಣ್ಣುಮುಚ್ಚಿ ಕೇಳಿದಳು. ಮೇಲಿನ ತೋಟ ಎಂದಾಗ ಒಮ್ಮೆ ತಲೆಯಾಡಿಸಿದಳು. ಓದಿ ಮುಗಿಯಿತು.

“ಎಲ್ಲಾ ಚೆನ್ನಾಗೈತೆ,” ಎಂದಳು. “ಕಾಯಿ ಎಲ್ಲಿ ಹಾಕ್ಲಿ?”

ಯಾರಿಗೂ ತಕ್ಷಣ ಹೊಳೆಯಲಿಲ್ಲ.

“ಇಳಿಸಿದ ಕಾಯಿ. ಎಲ್ಲಿ ಹಾಕ್ಲಿ? ನಮ್ಮನೆ ಮೋಲ್ಡು. ಅಟ್ಟ ಇಲ್ಲ.”

ನಮ್ಮ ಸೀಮೆಯಲ್ಲಿ ಕಾಯಿ ಇಳಿಸಿದ ದಿನ ಅದು ಬೆಳೆಯಲ್ಲ, ಬೆಳೆಯ ಅರ್ಧ. ಬಲಿತ ಕಾಯಿಯನ್ನು ಮನೆಯೊಳಗೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಕೆಳಗಿನ ಒಲೆಯ ಬಿಸಿಗೆ, ಹಂಚಿನ ಕಾವಿಗೆ ಒಳಗಿನ ನೀರು ನಿಧಾನವಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಅದು ತಿಪಟೂರು ಕೊಬ್ಬರಿ. ಮರವಿದ್ದು ಅಟ್ಟವಿಲ್ಲದವಳಿಗೆ ನಾನು ಬಿಡಿಸಿಕೊಟ್ಟದ್ದು ಅರ್ಧ ತೋಟ.

ಅಪ್ಪ, ಸೀನಿಯರ್, ನಾನು, ಮೂವರೂ ತೆಂಗಿನ ನೆರಳಲ್ಲಿ ಹುಟ್ಟಿದವರು, ಮೂವರೂ ಮರೆತಿದ್ದೆವು. ಯಾಕೆಂದು ಆಮೇಲೆ ತುಂಬಾ ಯೋಚಿಸಿದ್ದೇನೆ. ಅಣ್ಣತಮ್ಮಂದಿರು ಪಾಲಾದಾಗ ಇಬ್ಬರಿಗೂ ಮನೆ ಇರುತ್ತದೆ, ಇಲ್ಲದವನು ಕಟ್ಟಿಕೊಳ್ಳುತ್ತಾನೆ, ಮನೆಯೆಂದ ಮೇಲೆ ಅಟ್ಟ ಇದ್ದೇ ಇರುತ್ತದೆ. ಆದ್ದರಿಂದ ನಲವತ್ತು ವರ್ಷದ ಯಾವ ಪತ್ರದಲ್ಲೂ ಆ ಪದ ಬಂದಿರಲಿಲ್ಲ. ಬೇರೆ ಊರಿನ ಸೂರಿನಡಿ ಬಾಳುವವಳಿಗೆ ಇಲ್ಲಿ ಮರ ಸಿಗಬಹುದು ಎಂಬುದು ಯಾವ ನಮೂನೆಯ ಕಲ್ಪನೆಯಲ್ಲೂ ಇರಲಿಲ್ಲ. ನಾನು ಹೊಸ ಕಾನೂನನ್ನು ಹಳೆಯ ಅಳತೆಯಲ್ಲಿ ಹೊಲಿದಿದ್ದೆ.

“ತೋಟದಲ್ಲೇ ಒಂದು ಶೆಡ್ ಹಾಕಿಸ್ಕೊಡ್ತೀನಿ ಕಣಮ್ಮ,” ಎಂದರು ಅಪ್ಪ.

“ಶೆಡ್‌ನಲ್ಲಿ ಕಾಯಿ ಒಣಗ್ತವೆ ಬುಡಣ್ಣ. ಕಾವಲು ಯಾರು? ಕೋತಿನಾ?”

“ಹಸಿ ಕಾಯೇ ಮಾರಬಹುದಲ್ಲಮ್ಮ,” ಎಂದರು ಸೀನಿಯರ್. “ಈಗ ಎಷ್ಟೋ ಜನ ಮಾರ್ತಾರೆ.”

ಅತ್ತೆ ಅವರನ್ನು ನೋಡಿದ ರೀತಿಗೆ ಅವರೇ ಕೆಮ್ಮಿ ಮಾತು ಬದಲಾಯಿಸಿದರು. “ಹಂಗಾದ್ರೆ ಊರಿನ ಮನೆ ಅಟ್ಟದಲ್ಲಿ ಅರ್ಧ ಅವರಿಗೆ ಅಂತ ಸೇರಿಸಬಹುದು. ತಲೆತಲೆಮಾರಿಗೂ ನಡೆಯೋ ಹಕ್ಕು. ಅಟ್ಟಕ್ಕೆ ಹೋಗಿಬರಾಕೆ ದಾರಿ ಸಮೇತ.”

“ಬೇಡ ಸರ್,” ಎಂದವಳು ನಾನು.

ಎಲ್ಲರೂ ತಿರುಗಿದರು.

“ಮನೆ ಮೇಲೆ ಇನ್ನೊಬ್ಬರ ಹಕ್ಕು ಕೂರುತ್ತೆ. ನಾಳೆ ಕೆಡವಿ ಕಟ್ಟಬೇಕಂದ್ರೆ? ಮಾರಬೇಕಂದ್ರೆ? ಬಾಯಿಮಾತಲ್ಲಿ ಇದ್ರೆ ಸಾಕಲ್ವಾ? ಅತ್ತೆ ಕಾಯಿ ಹಾಕ್ತೀನಿ ಅಂದ್ರೆ ನಾವೇನು ಬೇಡ ಅಂತೀವಾ?”

ಹೇಳಿ ಮುಗಿಸುವಷ್ಟರಲ್ಲಿ ಆ ಮಾತು ಎಲ್ಲಿಯದೆಂದು ಗೊತ್ತಾಗಿಬಿಟ್ಟಿತು. ‘ಬಾರಮ್ಮ ಅಂದ್ರೆ ಬತ್ತಾಳೆ’ ಎಂದಿದ್ದ ಅಪ್ಪನ ಮಾತೇ ಅದು. ತೋಟದ ವಿಷಯದಲ್ಲಿ ನಾನು ಉದಾರಿ. ಮನೆಯ ಸೂರು ಮುಟ್ಟಿದಾಗ ‘ನಾವು’ ಎಂದಿದ್ದೆ, ಆ ‘ನಾವು’ ಅತ್ತೆಯನ್ನು ಹೊರಗಿಟ್ಟು ಹೇಳಿದ್ದು. ಇಷ್ಟು ದಿನ ಎದುರು ಪಕ್ಷ ಎಲ್ಲಿದೆ ಎಂದು ಹುಡುಕುತ್ತಿದ್ದವಳು ಅದರ ಬೆಂಚಿನಲ್ಲೇ ಕೂತಿದ್ದೆ.

ಅಪ್ಪ ಮೆಲ್ಲಗೆ ಕೇಳಿದರು: “ಯಾರಮ್ಮ ಮನೆ ಮಾರೋರು? ನೀನಾ?”

ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡೆ. ಅಪ್ಪ ಸೀನಿಯರಿಗೆ ಹೇಳಿದರು: “ಬರ್ಕಳಿ ಸಾರ್. ಬಡಗಲ ಅರ್ಧ ಅವ್ಳಿಗೆ. ಆ ಕಡೆ ಬಿಸಿ ಚೆನ್ನಾಗಿ ಹತ್ತೈತೆ.”

“ತಡಿಯಣ್ಣ,” ಎಂದಳು ಅತ್ತೆ. “ಅಟ್ಟದ ಏಣಿ ಇರಾದು ಅಡುಗೆಮನೇಲಿ. ಅತ್ಗೇನ ಕೇಳಿದ್ರಾ?”

ಇಡೀ ಪತ್ರದಲ್ಲಿ ನನ್ನ ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ಕಾನೂನಿನ ಕಣ್ಣಿಗೆ ಅವಳು ಈ ಆಸ್ತಿಯಲ್ಲಿ ಏನೂ ಅಲ್ಲ. ಆದರೆ ಅಟ್ಟಕ್ಕೆ ಹೋಗುವ ದಾರಿ ಅವಳ ಒಲೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಅಪ್ಪ ಫೋನು ಹಚ್ಚಿ ಮೇಜಿನ ಮೇಲಿಟ್ಟು ವಿಷಯ ಹೇಳಿದರು. ಆ ಕಡೆಯಿಂದ ಒಗ್ಗರಣೆಯ ಸದ್ದು ಬಂತು, ಆಮೇಲೆ ಅಮ್ಮನ ದನಿ.

“ಇಷ್ಟು ದಿನ ಏನು ಅವ್ಳು ಕಿಟಕೀಲಿ ಬತ್ತಿದ್ಲಾ?”

“ಬರೆಸ್ಬೇಕಂತೆ ಕಣೇ.”

“ಬರೆಸ್ಕಳಿ. ಏಣಿ ಹತ್ತೋವಾಗ ನನ್ನ ಒಗ್ಗರಣೆ ಡಬ್ಬ ಒದೀಬ್ಯಾಡ ಅಂತಾನೂ ಬರೆಸ್ಕಳಿ. ಹೋದ್ಸಲ ಒದ್ದಿದ್ಲು.”

ಅತ್ತೆ ಫೋನಿನತ್ತ ಬಾಗಿ, “ಅದು ನಾನಲ್ಲ ಅತ್ಗೆ, ನಿನ್ ಗಂಡ,” ಎಂದಳು. ಆ ದಿನ ಆಫೀಸಿನಲ್ಲಿ ಮೊದಲ ಸಲ ನಕ್ಕಳು.

ಸೀನಿಯರ್ ಹೇಳುತ್ತಾ ಹೋದರು, ನಾನು ಟೈಪು ಮಾಡಿದೆ. ‘ಮೂಡಲ ಬಾಗಿಲಿನಿಂದ ಪ್ರವೇಶಿಸಿ, ನಡುಮನೆಯ ಮಾರ್ಗವಾಗಿ, ಅಡುಗೆಮನೆಯ ಬಡಗಲ ಗೋಡೆಯಲ್ಲಿರುವ ಏಣಿಯ ಮುಖಾಂತರ ಅಟ್ಟಕ್ಕೆ ಹೋಗಿಬರುವ ಹಕ್ಕು ಎರಡನೇ ಪಾರ್ಟಿಯವರಿಗೆ ಮತ್ತು ಅವರ ವಾರಸುದಾರರಿಗೆ ಸದಾಕಾಲ ಇರತಕ್ಕದ್ದು.’ ನೋಂದಣಿ ಕಚೇರಿಯಲ್ಲಿ ಪತ್ರ ಓದಿದವರು ತಲೆಯೆತ್ತಿ, “ಏಣಿ ಮರದ್ದೋ ಕಬ್ಬಿಣದ್ದೋ?” ಎಂದು ಕೇಳಿದರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ. ಮರದ್ದು ಎಂದೆ.

ಈಗ ಆಫೀಸಿನ ಕಂಪ್ಯೂಟರಿನಲ್ಲಿ ‘ಅಟ್ಟ’ ಎಂಬ ಫೈಲೂ ಇದೆ. ಸುದ್ದಿ ಹೇಗೋ ಹರಡಿ, ಅಂಥದೇ ಪತ್ರ ಬೇಕೆಂದು ಇಬ್ಬರು ಹೆಂಗಸರು ತಾವಾಗಿಯೇ ಬಂದಿದ್ದರು, ಅಣ್ಣಂದಿರನ್ನು ಕರೆದುಕೊಂಡು. ‘ತಂಗಿ’ ಫೈಲಿಗೇನೂ ಕೆಲಸ ಕಡಿಮೆಯಾಗಿಲ್ಲ, ಅದನ್ನೂ ಹೇಳಬೇಕು. ಹೊಸದಕ್ಕೆ ನಮೂನೆ ಮಾಡು ಎಂದು ಸೀನಿಯರ್ ಹೇಳಿದ್ದಾರೆ. ಹೆಸರು ಖಾಲಿ ಬಿಟ್ಟೆ, ಸರ್ವೆ ನಂಬರು ಖಾಲಿ ಬಿಟ್ಟೆ. ದಾರಿಯ ಹತ್ತಿರ ಬಂದು ನಿಂತೆ. ಒಂದು ಮನೆಯ ಏಣಿ ಹಜಾರದಲ್ಲಿ, ಇನ್ನೊಂದರದು ದೇವರಮನೆಯ ಪಕ್ಕ. ನೋಡದೆ ಬರೆಯಲು ಬರುವುದಿಲ್ಲ. ಹಾಗಾಗಿ ಈಗ ಕರಡಿಗೆ ಮೊದಲು ಹೋಗಿ ಅಟ್ಟ ಹತ್ತಿ ಬರುತ್ತೇನೆ. ಜೇಡರಬಲೆ ತಲೆಗೆ ಸುತ್ತಿಕೊಂಡು ಕೋರ್ಟಿಗೆ ಹೋದದ್ದೂ ಉಂಟು.

ಪತ್ರವಾದ ಮೇಲೆ ಮೇಲಿನ ತೋಟದ ಮೊದಲ ಕಾಯಿ ಇಳಿಸಿದ ದಿನ ಅತ್ತೆ ಬೆಳಗಿನ ಬಸ್ಸಿಗೇ ಬಂದಳು. ಹಳೆಯ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ತವರಿಗೆ ಅವಳು ಹಳೆಯ ಸೀರೆಯಲ್ಲಿ ಬಂದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ಬಂದವಳೇ ಯಾರೂ ಕರೆಯುವುದಕ್ಕೆ ಕಾಯದೆ ಮೂಡಲ ಬಾಗಿಲಿನಿಂದ ನಡುಮನೆ ದಾಟಿ ಅಡುಗೆಮನೆಗೆ ಹೋದಳು. ಅಮ್ಮ ಒಗ್ಗರಣೆ ಡಬ್ಬ ಎತ್ತಿ ಪಕ್ಕಕ್ಕಿಟ್ಟಳು. ಅಪ್ಪ ಮೇಲೆ ಹೋಗಿ ಪಾಲಿನ ಗುರುತಿಗೆ ಅಟ್ಟದ ನಡುವೆ ಒಂದು ಬಿದಿರಿನ ಗಳ ಅಡ್ಡ ಇಟ್ಟಿದ್ದರು. ಆ ಗಳ ಬಡಗಲ ಕಡೆ, ಅತ್ತೆಯ ಪಾಲಿನೊಳಕ್ಕೆ, ಒಂದು ಗೇಣು ಜರುಗಿದೆ ಎಂದು ನನಗೆ ಕೆಳಗಿನಿಂದಲೇ ಕಂಡಿತು.

“ಅತ್ತೆ, ಅರ್ಧ ಅಂದ್ರೆ ಅರ್ಧ ಇರಬೇಕು. ಆ ಗಳ ಸರಿಯಿಲ್ಲ. ಪತ್ರದಲ್ಲಿ…”

“ಲೇ,” ಎಂದಳು ಅತ್ತೆ, ಮೂರನೇ ಮೆಟ್ಟಿಲಿನಿಂದ ಕೆಳಗೆ ನೋಡುತ್ತಾ. “ಗಳ ನಾನು ಹೋಗಿ ಸರಿ ಮಾಡ್ಕತ್ತೀನಿ. ನೀನು ವಾದ ಬುಟ್ಟು ಏಣಿ ಹಿಡ್ಕ.”

ಹಿಡಿದುಕೊಂಡೆ.